ಎಲ್ಲ ಸ್ಕ್ರೀನಿನಲ್ಲೂ ಒಬ್ಬರೇ ರೋಗಿ: ಪೇಶೆಂಟ್ ಕಾಂಟೆಕ್ಸ್ಟ್ ಸಿಂಕ್ ಟಿಪ್ಪಣಿ

ರೇಡಿಯಾಲಜಿ ವೈದ್ಯರ ಮುಂದೆ ಸಾಮಾನ್ಯವಾಗಿ ಮೂರು ಸಾಫ್ಟ್‌ವೇರ್ ಒಟ್ಟಿಗೆ ತೆರೆದಿರುತ್ತವೆ. ಕೆಲಸದ ಪಟ್ಟಿ ತೋರಿಸುವ ರಿಸ್, ಸ್ಕ್ಯಾನ್ ಚಿತ್ರ ತೋರಿಸುವ ಪ್ಯಾಕ್ಸ್, ರಿಪೋರ್ಟ್ ಬರೆಸಿಕೊಳ್ಳುವ ಡಿಕ್ಟೇಶನ್. ಬಹಳ ಕಡೆ ಮೂರೂ ಬೇರೆ ಬೇರೆ ಕಂಪನಿಗಳದ್ದು. ಪ್ಯಾಕ್ಸ್‌ನಲ್ಲಿ ಹೊಸ ರೋಗಿಯ ಸಿ.ಟಿ. ತೆರೆದಿದೆ, ಡಿಕ್ಟೇಶನ್ ಮಾತ್ರ ಹಿಂದಿನ ರೋಗಿಯಲ್ಲೇ ನಿಂತಿದೆ ಅಂದುಕೊಳ್ಳಿ. ವೈದ್ಯರು ಮೈಕ್ ಹಿಡಿದು ಮಾತಾಡಿದರೆ ಒಬ್ಬರ ಶ್ವಾಸಕೋಶದ ಗಂಟು ಇನ್ನೊಬ್ಬರ ರಿಪೋರ್ಟಿಗೆ ಹೋಗುತ್ತದೆ.

ಇದನ್ನು ತಪ್ಪಿಸಲು ಇರುವುದು ಕಾಂಟೆಕ್ಸ್ಟ್ ಸಿಂಕ್. ಒಂದರಲ್ಲಿ ರೋಗಿ ಬದಲಾದರೆ ಉಳಿದವೂ ಅದೇ ರೋಗಿಗೆ ಬರಬೇಕು. ಇಲ್ಲಿ ಲ್ಯಾಬ್ ರಿಪೋರ್ಟ್, ಔಷಧಿ ಪಟ್ಟಿ ಯಾವುದೂ ಆ ಕಡೆಯಿಂದ ಈ ಕಡೆಗೆ ಸಾಗುವುದಿಲ್ಲ. 'ಈಗ ಯಾರ ಬಗ್ಗೆ ಕೆಲಸ ನಡೀತಿದೆ' ಅನ್ನುವಷ್ಟೇ ಹಂಚಿಕೆಯಾಗುತ್ತದೆ. ಕೇಳಲು ಸಣ್ಣ ಕೆಲಸ. ಆದರೆ ಯೋಜನೆ ಹಾಕಲು ಕೂತರೆ ಒಂದೇ ಪ್ರಶ್ನೆ ಪದೇ ಪದೇ ಎದುರಾಗುತ್ತದೆ: ಒಂದು ಸಾಫ್ಟ್‌ವೇರ್ 'ನಾನೀಗ ಬರಲಾರೆ' ಅಂದರೆ ಏನು ಮಾಡಬೇಕು?

ಈ ಪ್ರಶ್ನೆಗೆ ಮೊದಲು ವ್ಯವಸ್ಥಿತವಾಗಿ ಉತ್ತರ ಕೊಟ್ಟಿದ್ದು ಸಿಕೌ (CCOW) ಎಂಬ ಮಾನದಂಡ. 1990ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಗಿ, ಆಸ್ಪತ್ರೆ ಸಾಫ್ಟ್‌ವೇರ್‌ಗಳ ನಡುವಿನ ಮಾಹಿತಿ ವಿನಿಮಯಕ್ಕೆ ಮಾನದಂಡ ರೂಪಿಸುವ ಎಚ್‌ಎಲ್7 ಸಂಸ್ಥೆಯ ಆಶ್ರಯಕ್ಕೆ ಬಂತು. 1999ರಲ್ಲಿ ಮೊದಲ ಆವೃತ್ತಿ ಮಾನದಂಡವಾಯಿತು. ಅಲ್ಲಿನ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳು ಇದನ್ನು ದೊಡ್ಡ ಮಟ್ಟದಲ್ಲಿ ಬಳಸಿದವು.

ಸಿಕೌ ನಡೆಯುವ ರೀತಿ ಹೀಗೆ. ನಡುವೆ ಕಾಂಟೆಕ್ಸ್ಟ್ ಮ್ಯಾನೇಜರ್ ಅಂತ ಒಂದು ಇರುತ್ತದೆ. ರೋಗಿ ಬದಲಿಸಬೇಕು ಅನ್ನುವ ಸಾಫ್ಟ್‌ವೇರ್ ಅದರ ಹತ್ತಿರ ಒಂದು ವ್ಯವಹಾರ ಶುರು ಮಾಡಿ ಹೊಸ ರೋಗಿಯ ಗುರುತು ಕೊಡುತ್ತದೆ. ಮ್ಯಾನೇಜರ್ ಕೂಡಲೇ ಬದಲಿಸುವುದಿಲ್ಲ. ಸೇರಿರುವ ಪ್ರತಿಯೊಂದು ಸಾಫ್ಟ್‌ವೇರನ್ನೂ 'ಬದಲಿಸಲಾ?' ಅಂತ ಕೇಳುತ್ತದೆ. ಉತ್ತರ ಎರಡು ಥರ: 'ಸರಿ', ಇಲ್ಲವೇ 'ಸರಿ, ಆದರೆ ಉಳಿಸದ ಟಿಪ್ಪಣಿ ಹೋಗಿಬಿಡುತ್ತದೆ' ಅನ್ನುವಂಥ ಕಾರಣದ ಜೊತೆ. ಕಾರಣ ಬಂದರೆ ಅಥವಾ ಯಾವುದಾದರೂ ಸಾಫ್ಟ್‌ವೇರ್ ಉತ್ತರವನ್ನೇ ಕೊಡದಿದ್ದರೆ, ವೈದ್ಯರ ಮುಂದೆ ಮೂರು ದಾರಿ ಬರುತ್ತವೆ. ಮುಂದುವರಿಯಬಹುದು. ಬದಲಾವಣೆ ರದ್ದು ಮಾಡಬಹುದು. ಅಥವಾ ತಾನು ಬಳಸುತ್ತಿರುವ ಸಾಫ್ಟ್‌ವೇರನ್ನು ಮಾತ್ರ ಗುಂಪಿನಿಂದ ಬಿಡಿಸಿಕೊಂಡು ಹೊಸ ರೋಗಿಗೆ ಹೋಗಬಹುದು. ನಿರ್ಧಾರವಾದ ಮೇಲೆ ಮ್ಯಾನೇಜರ್ ಎಲ್ಲರಿಗೂ ಅದನ್ನು ಸಾರುತ್ತದೆ. ಒಂದು ಬದಲಾವಣೆ ನಡೆಯುತ್ತಿರುವಾಗ ಇನ್ನೊಂದನ್ನು ಶುರು ಮಾಡಲು ಬಿಡುವುದಿಲ್ಲ.

ಫೈರ್‌ಕಾಸ್ಟ್ (FHIRcast) ಇದೇ ಕೆಲಸದ ಹೊಸ ತಲೆಮಾರಿನ ಮಾನದಂಡ, ಅದೂ ಎಚ್‌ಎಲ್7ನದೇ. 2018ರಲ್ಲಿ ವೆಬ್ ಮಾನದಂಡವಾದ ವೆಬ್‌ಸಬ್ (ಚಂದಾದಾರರಿಗೆ ಹೊಸ ಸುದ್ದಿ ತಲುಪಿಸುವ ಪದ್ಧತಿ) ಇದಕ್ಕೆ ಮಾದರಿ. ಇಲ್ಲಿ ನಡುವೆ ಇರುವುದು ಸುದ್ದಿ ಹಂಚುವ ಹಬ್. ಒಬ್ಬ ಬಳಕೆದಾರರ ಒಂದು ಕೆಲಸದ ಅವಧಿಗೆ ಒಂದು ಟಾಪಿಕ್, ಅಂದರೆ ಸುದ್ದಿಗೆ ಒಂದು ಪ್ರತ್ಯೇಕ ವಾಹಿನಿ. ಸಾಫ್ಟ್‌ವೇರ್‌ಗಳು ಆ ಟಾಪಿಕ್‌ಗೆ ಚಂದಾದಾರರಾಗಿ ವೆಬ್‌ಸಾಕೆಟ್ ಎಂಬ ಸದಾ ತೆರೆದಿರುವ ಕೊಂಡಿಯ ಮೂಲಕ ಸಂಪರ್ಕದಲ್ಲಿರುತ್ತವೆ. 'ಪೇಶೆಂಟ್ ಓಪನ್', 'ಇಮೇಜಿಂಗ್ ಸ್ಟಡಿ ಓಪನ್', 'ಪೇಶೆಂಟ್ ಕ್ಲೋಸ್' ಅಂತ ಸುದ್ದಿ ಬರುತ್ತಾ ಇರುತ್ತದೆ. ಪಡೆದವರು ಉತ್ತರ ಕೊಡಬೇಕು: 200 ಅಂದರೆ ಬದಲಾದೆ, 202 ಅಂದರೆ ಸುದ್ದಿ ಮುಟ್ಟಿದೆ, 409 ಅಂದರೆ ಬರುವುದಿಲ್ಲ. 409 ಬಂದರೆ ಹಬ್ ಎಲ್ಲರಿಗೂ 'ಸಿಂಕ್ ಎರರ್' ಅಂತ ತಿಳಿಸುತ್ತದೆ.

ವ್ಯತ್ಯಾಸ ಕಂಡಿತಲ್ವಾ? ಸಿಕೌ ಮದುವೆ ದಿನ ಗೊತ್ತು ಮಾಡುವ ಮುಂಚೆ ನೆಂಟರನ್ನೆಲ್ಲ ಕೇಳುತ್ತದೆ. ಫೈರ್‌ಕಾಸ್ಟ್ ದಿನ ಗೊತ್ತು ಮಾಡಿ ಲಗ್ನಪತ್ರಿಕೆ ಕಳಿಸುತ್ತದೆ. ಸಿಕೌನಲ್ಲಿ ತೊಡಕು ಬದಲಾವಣೆಗೆ ಮೊದಲೇ ಗೊತ್ತಾಗುತ್ತದೆ, ಫೈರ್‌ಕಾಸ್ಟ್‌ನಲ್ಲಿ ಆಮೇಲೆ. ಆದ್ದರಿಂದ ಫೈರ್‌ಕಾಸ್ಟ್ ಹಾಕುವ ಜಾಗದಲ್ಲಿ 'ಸಿಂಕ್ ಎರರ್' ಬಂದಾಗ ಪ್ರತಿ ಸ್ಕ್ರೀನ್ ಏನು ತೋರಿಸಬೇಕು ಅನ್ನುವುದನ್ನು ಮೊದಲ ದಿನವೇ ಬರೆದಿಡಬೇಕು. ಮೂಲೆಯಲ್ಲಿ ಎರಡು ಸೆಕೆಂಡ್ ಮಿಂಚಿ ಮಾಯವಾಗುವ ಸೂಚನೆ ಸಾಲದು.

ಹಾಗಂತ ಕೇಳುವ ಪದ್ಧತಿಯೇ ಮೇಲು ಅಂತ ನಾನು ಹೇಳಲ್ಲ. ಪ್ರತಿ ರೋಗಿಗೂ 'ಮುಂದುವರಿಯಲಾ?' ಅಂತ ಕೇಳಿದರೆ ಜನ ಓದದೆ ಒತ್ತುತ್ತಾರೆ. ನನ್ನ ಪ್ರಕಾರ, ಆ ಪ್ರಶ್ನೆ ಹುಟ್ಟದ ಹಾಗೆ ಮಾಡುವುದೇ ಒಳ್ಳೆಯ ಯೋಜನೆ. ಡಿಕ್ಟೇಶನ್‌ನಲ್ಲಿ ಅರ್ಧ ಬರೆದ ರಿಪೋರ್ಟ್ ಹಳೆಯ ರೋಗಿಯ ಹೆಸರಲ್ಲೇ ಡ್ರಾಫ್ಟ್ ಆಗಿ ತಾನಾಗಿ ಉಳಿದುಕೊಂಡರೆ, ಬದಲಾವಣೆಗೆ ತಕರಾರೇ ಇರುವುದಿಲ್ಲ. ಔಷಧಿ ಬರೆಯುವ ಸ್ಕ್ರೀನಿಗೆ ಇದು ಹೊಂದುವುದಿಲ್ಲ. ಅರ್ಧ ತುಂಬಿದ ಡೋಸ್ ಎಲ್ಲೋ ಡ್ರಾಫ್ಟ್ ಆಗಿ ಕೂತು ಮರೆತುಹೋದರೆ ಅದೂ ಅಪಾಯವೇ. ಅಲ್ಲಿ ತಡೆದು ಕೇಳಬೇಕು. ಹಾಗಾಗಿ ನಿರ್ಧಾರವನ್ನು ಸಾಫ್ಟ್‌ವೇರ್‌ಗೆ ಒಂದರಂತೆ ಮಾಡದೆ ಸ್ಕ್ರೀನಿಗೆ ಒಂದರಂತೆ ಮಾಡಿ.

ಇನ್ನು ಗುರುತಿನ ವಿಷಯ. 'ಲಕ್ಷ್ಮಮ್ಮ, 62' ಅಂತ ಕಳಿಸಿದರೆ ಆಗಲ್ಲ, ಒಂದೇ ವಾರ್ಡಿನಲ್ಲಿ ಅಂಥವರು ಇಬ್ಬರಿರಬಹುದು. ನಮ್ಮ ಆಸ್ಪತ್ರೆಗಳಲ್ಲಿ ಚೀಟಿ ಮೇಲೆ ಬರುವ ಯುಎಚ್‌ಐಡಿ ಥರದ ನಂಬರ್ ಬೇಕು, ಜೊತೆಗೆ ಅದನ್ನು ಕೊಟ್ಟವರು ಯಾರು ಅನ್ನುವುದೂ ಬೇಕು. ಎರಡು ಶಾಖೆಗಳಲ್ಲಿ ಒಂದೇ ನಂಬರ್ ಇಬ್ಬರಿಗೆ ಸಿಕ್ಕಿರಬಹುದು. ಸಿಕೌನಲ್ಲಿ ಇದಕ್ಕಾಗಿಯೇ ನಂಬರಿನ ಹೆಸರಿಗೆ ಒಂದು ಬಾಲ ಸೇರಿಸುತ್ತಾರೆ, ಅದು ಯಾವ ವ್ಯವಸ್ಥೆಯದ್ದು ಅಂತ ತಿಳಿಯಲು. ಲ್ಯಾಬ್‌ನ ನಂಬರ್ ಬೇರೆ, ಪ್ಯಾಕ್ಸ್‌ನ ನಂಬರ್ ಬೇರೆ ಇದ್ದರೆ ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಮ್ಯಾಪಿಂಗ್ ಏಜೆಂಟ್ ನಡುವೆ ಬರುತ್ತದೆ. ಹೆಸರು, ಹುಟ್ಟಿದ ದಿನಾಂಕಗಳನ್ನೂ ಕಳಿಸಬಹುದು, ಆದರೆ ತಾಳೆ ನೋಡಲು ಮಾತ್ರ. ಸರ್ಕಾರದ ಆರೋಗ್ಯ ಖಾತೆಯ 14 ಅಂಕಿಯ ಆಭಾ ನಂಬರನ್ನೇ ಬಳಸಿದರೆ ಸಾಲದಾ ಅಂತ ಕೇಳಬಹುದು. ಎಲ್ಲ ರೋಗಿಗಳ ಬಳಿಯೂ ಅದು ಇರುವುದಿಲ್ಲ. ಹಾಗಾಗಿ ಅದನ್ನು ಹೆಚ್ಚುವರಿ ಗುರುತಾಗಿ ಇಟ್ಟುಕೊಳ್ಳುವುದೇ ಸರಿ.

ಕಳಿಸಿದ ನಂಬರಿನ ರೋಗಿ ಒಂದು ಸಾಫ್ಟ್‌ವೇರ್‌ನಲ್ಲಿ ಸಿಗದೇ ಹೋದರೆ? ಹಳೆಯ ರೋಗಿಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಸ್ಕ್ರೀನ್ ಖಾಲಿ ಮಾಡಬೇಕು. ಖಾಲಿ ಸ್ಕ್ರೀನ್ ನೋಡಿ ಬಳಕೆದಾರರು ಬೈಯಬಹುದು, ಬೈಯಲಿ ಬಿಡಿ.

ತಡವಾಗಿ ಸೇರುವವರ ಬಗ್ಗೆ ಮರೆಯಬೇಡಿ. ಬೆಳಿಗ್ಗೆ ಪ್ಯಾಕ್ಸ್ ತೆರೆದು, ಹತ್ತು ಗಂಟೆಗೆ ಡಿಕ್ಟೇಶನ್ ತೆರೆದರೆ ಅದು ಸುಮ್ನೆ ಮುಂದಿನ ಸುದ್ದಿಗೆ ಕಾಯಬಾರದು. ಈಗಿನ ರೋಗಿ ಯಾರು ಅಂತ ತಾನೇ ಹಬ್ ಬಳಿ ಕೇಳಿ ತಿಳಿಯಬೇಕು. ನೆಟ್‌ವರ್ಕ್ ಹೋಗಿ ಬಂದಾಗಲೂ ಇದೇ ನಿಯಮ. ಹಲವರು ಬಳಸುವ ಕಂಪ್ಯೂಟರ್ ಆದರೆ, ಒಬ್ಬರು ಲಾಗೌಟ್ ಆದಾಗ ಅವರ ಅವಧಿ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಮುಗಿಯಬೇಕು. ಫೈರ್‌ಕಾಸ್ಟ್‌ನಲ್ಲಿ ಇದಕ್ಕೂ ಒಂದು ಸುದ್ದಿ ಇದೆ.

ಪರೀಕ್ಷೆ ಮಾಡುವಾಗ ಎಲ್ಲ ಸರಿ ಇರುವ ದಾರಿಗೆ ಜಾಸ್ತಿ ಸಮಯ ಕೊಡಬೇಡಿ. ಒಂದೇ ಹೆಸರಿನ ಇಬ್ಬರನ್ನು ಬೆನ್ನು ಬೆನ್ನಿಗೆ ತೆರೆಯಿರಿ. ರೋಗಿ ಬದಲಾಗುವ ಕ್ಷಣದಲ್ಲೇ ನೆಟ್‌ವರ್ಕ್ ಕೇಬಲ್ ಎಳೆಯಿರಿ. ಡಿಕ್ಟೇಶನ್‌ನಲ್ಲಿ ಡೈಲಾಗ್ ಬಾಕ್ಸ್ ಒಂದು ತೆರೆದೇ ಇರುವಾಗ ಪ್ಯಾಕ್ಸ್‌ನಲ್ಲಿ ರೋಗಿ ಬದಲಿಸಿ. ಕೊನೆಗೆ, ತೆರೆದಿರುವ ರೋಗಿಯ ಎರಡು ದಾಖಲೆಗಳನ್ನು ನೋಂದಣಿ ಕೌಂಟರಿನಿಂದ ಒಂದು ಮಾಡಿಸಿ. ಎಚ್‌ಎಲ್7ನ ಸಂದೇಶ ಮಾನದಂಡದ ಆವೃತ್ತಿ 2ರಲ್ಲಿ ಎ40 ಸಂದೇಶ ಬರುವುದು ಇದಕ್ಕೇ. ಆಗ ಸ್ಕ್ರೀನಿನಲ್ಲಿರುವ ನಂಬರ್ ಹಳೆಯದಾಗಿಬಿಡುತ್ತದೆ. ಮೂರೂ ಸಾಫ್ಟ್‌ವೇರ್ ಅದಕ್ಕೆ ಒಂದೇ ಥರ ಸ್ಪಂದಿಸುತ್ತವಾ ಅಂತ ನೋಡಿ.