194ಕ್ಕೆ ನಿಂತ ಇನಿಂಗ್ಸ್: ಡಿಕ್ಲೇರ್ ಲೆಕ್ಕದ ಹಿಂದುಮುಂದು

ವಿಕೆಟ್ ಉಳಿದಿರುವಾಗಲೇ ನಾಯಕ ಇನಿಂಗ್ಸ್ ಮುಗಿಸಿಬಿಡುವ ಡಿಕ್ಲೇರ್ ವಿಷಯ ಬಂತೆಂದರೆ ಮಾತು ಪಾಕಿಸ್ತಾನದ ಮುಲ್ತಾನ್‌ಗೇ ಹೋಗಿ ನಿಲ್ಲುತ್ತದೆ. 2004ರ ಮಾರ್ಚ್ 29. ಪಾಕಿಸ್ತಾನದ ವಿರುದ್ಧ ಸಚಿನ್ 194, ದ್ವಿಶತಕಕ್ಕೆ ಆರೇ ರನ್ ಬಾಕಿ. ಗಂಗೂಲಿ ಗಾಯಗೊಂಡಿದ್ದರಿಂದ ನಾಯಕನಾಗಿದ್ದ ನಮ್ಮ ದ್ರಾವಿಡ್ ಕೈಸನ್ನೆ ಮಾಡಿ ಒಳಗೆ ಕರೆದುಬಿಟ್ಟರು. ಇಪ್ಪತ್ತು ವರ್ಷ ದಾಟಿದರೂ ಹಾಗೆ ಕರೆದಿದ್ದು ಸರಿಯೇ ಅನ್ನುವ ಜಗಳ ಮುಗಿದಿಲ್ಲ.

ಕ್ರಿಕೆಟ್‌ನಲ್ಲಿ ಮೊದಲು ಡಿಕ್ಲೇರ್ ಮಾಡುವ ಅವಕಾಶವೇ ಇರಲಿಲ್ಲ. ರನ್ ಸಾಕು ಅನಿಸಿದರೆ ಬೇಕಂತಲೇ ಔಟಾಗಬೇಕಿತ್ತು. 1889ರಲ್ಲಿ ನಿಯಮ ಬಂತು, ಅದೂ ಕೊನೆಯ ದಿನಕ್ಕೆ ಮಾತ್ರ. ಆಮೇಲೆ ಹಗ್ಗ ಸಡಿಲವಾಯಿತು, ಜೊತೆಗೆ ಭಯವೂ ಶುರುವಾಯಿತು. 1968ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವೆಸ್ಟ್ ಇಂಡೀಸ್ ನಾಯಕ ಸೋಬರ್ಸ್ 2 ವಿಕೆಟ್‌ಗೆ 92ಕ್ಕೇ ಡಿಕ್ಲೇರ್ ಮಾಡಿ 165 ನಿಮಿಷದಲ್ಲಿ 215 ಹೊಡೆಯಿರಿ ಎಂದರು. ಇಂಗ್ಲೆಂಡ್ ಹೊಡೆಯಿತು, ಸರಣಿಯನ್ನೂ ಗೆದ್ದಿತು. 1976ರಲ್ಲಿ ಅದೇ ಮೈದಾನದಲ್ಲಿ ವೆಸ್ಟ್ ಇಂಡೀಸ್ ನಾಯಕ ಲಾಯ್ಡ್ ಭಾರತಕ್ಕೆ ಕೊಟ್ಟಿದ್ದು 403ರ ಗುರಿ. ಗವಾಸ್ಕರ್ 102, ಭದ್ರಾವತಿಯ ವಿಶಿ (ಜಿ.ಆರ್. ವಿಶ್ವನಾಥ್) 112. ಭಾರತ ಅದನ್ನೂ ಮುಟ್ಟಿತು. ಇಂಥದ್ದನ್ನೆಲ್ಲ ಕಂಡ ನಾಯಕರು ಇನ್ನೊಂದು ಐವತ್ತು ಇರಲಿ ಅಂದರೆ ಆಶ್ಚರ್ಯವೇನಿಲ್ಲ.

ಮುಲ್ತಾನ್‌ಗೂ ಮುಂಚೆ, ಅದೇ ವರ್ಷದ ಜನವರಿಯಲ್ಲಿ, ಆಸ್ಟ್ರೇಲಿಯಾ ವಿರುದ್ಧ ಸಿಡ್ನಿ ಟೆಸ್ಟ್ ನಡೆದಿತ್ತು. ಆ ಕಥೆ ಜಾಸ್ತಿ ಜನಕ್ಕೆ ನೆನಪಿರುವುದಿಲ್ಲ. ಭಾರತ 7 ವಿಕೆಟ್‌ಗೆ 705 ಹೊಡೆದಿತ್ತು. ಕುಂಬ್ಳೆ 8 ವಿಕೆಟ್ ಕಿತ್ತು 231ರ ಮುನ್ನಡೆ ಕೊಡಿಸಿದರು. ಆದರೂ ಎದುರಾಳಿಯನ್ನೇ ತಕ್ಷಣ ಮತ್ತೆ ಬ್ಯಾಟಿಗಿಳಿಸುವ ಫಾಲೋ ಆನ್ ಹೇರಲಿಲ್ಲ, ಭಾರತದವರೇ ಮತ್ತೆ ಬ್ಯಾಟ್ ಮಾಡಿದರು. ಡಿಕ್ಲೇರ್ ಆದಾಗ ನಾಲ್ಕನೇ ದಿನ ಮುಗಿಯುತ್ತಾ ಬಂದಿತ್ತು. ದ್ರಾವಿಡ್ 91ರಲ್ಲಿ ಔಟಾಗದೆ ವಾಪಸ್ ನಡೆದರು. ಗುರಿ 443. ಆಸ್ಟ್ರೇಲಿಯಾ 6 ವಿಕೆಟ್‌ಗೆ 357 ಮಾಡಿ ಡ್ರಾ ಮಾಡಿಕೊಂಡಿತು. ಅಲ್ಲಿ ಸರಣಿ ಗೆಲ್ಲುವ ಅವಕಾಶ ನಾಲ್ಕು ವಿಕೆಟ್‌ನಲ್ಲಿ ತಪ್ಪಿತು. ಆ ಗೆಲುವು ಸಿಕ್ಕಿದ್ದು 2019ರಲ್ಲಿ.

ಮುಲ್ತಾನ್‌ನ ಎರಡನೇ ದಿನ ಸಂಜೆ ಯುವರಾಜ್ 59ಕ್ಕೆ ಔಟಾದಾಗ ಸ್ಕೋರು 5ಕ್ಕೆ 675. ಸೆಹ್ವಾಗ್ ಅಷ್ಟರಲ್ಲಿ 309 ಬಾರಿಸಿ ಹೋಗಿದ್ದರು. ದಿನದಾಟದಲ್ಲಿ ಉಳಿದಿದ್ದು ಸುಮಾರು 16 ಓವರ್. ಆರು ರನ್‌ಗೆ ಒಂದು ಓವರ್ ಸಾಕಿತ್ತು ಅಲ್ವಾ? ಸಾಕಿತ್ತು. ಆದರೆ ದ್ವಿಶತಕ ಹತ್ತಿರ ಬಂದಾಗ ಯಾರ ಬ್ಯಾಟೂ ನಿಧಾನವಾಗುತ್ತದೆ. ಆ ಒಂದು ಓವರ್ ಮೂರಾಗಲು ಹೊತ್ತು ಬೇಕಿಲ್ಲ. ಇನ್ನು ಆ ಸಂಜೆ ಒಂದು ವಿಕೆಟ್ಟೂ ಬೀಳಲಿಲ್ಲ ಅನ್ನುವುದೂ ನಿಜ. ಭಾರತ ಗೆದ್ದಿದ್ದು ಐದನೇ ದಿನ ಬೆಳಿಗ್ಗೆ, ಇನಿಂಗ್ಸ್ ಮತ್ತು 52 ರನ್‌ನಿಂದ. ಪಾಕಿಸ್ತಾನದ ನೆಲದಲ್ಲಿ ಅದೇ ಮೊದಲ ಟೆಸ್ಟ್ ಗೆಲುವು. ಕುಂಬ್ಳೆಗೆ ಎರಡನೇ ಇನಿಂಗ್ಸ್‌ನಲ್ಲಿ 6 ವಿಕೆಟ್. ಸುಮ್ನೆ ಆ 194 ಒಂದನ್ನೇ ಹಿಡಿದು ಜಗ್ಗುವವರು ಇದನ್ನು ಹೇಳುವುದೇ ಇಲ್ಲ.

ಡಿಕ್ಲೇರ್ ತಡವಾದರೆ ಗೆಲುವು ಕೈಜಾರುತ್ತದೆ ಅನ್ನುವ ಪಾಠ ಎಲ್ಲರಿಗೂ ಹಿಡಿಸಲಿಲ್ಲ. 2009ರಲ್ಲಿ ವೆಲ್ಲಿಂಗ್ಟನ್‌ನಲ್ಲಿ ಭಾರತ 617ರ ಗುರಿ ಇಟ್ಟಿತು. ನ್ಯೂಜಿಲೆಂಡ್ 8 ವಿಕೆಟ್ ಕಳೆದುಕೊಂಡಿದ್ದಾಗ ಮಳೆ ಸುರಿದು ಡ್ರಾ. 2023ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಇಂಗ್ಲೆಂಡ್ ನಾಯಕ ಸ್ಟೋಕ್ಸ್ ಆಸ್ಟ್ರೇಲಿಯಾ ವಿರುದ್ಧ ಮೊದಲ ದಿನವೇ 8ಕ್ಕೆ 393ಕ್ಕೆ ಡಿಕ್ಲೇರ್ ಮಾಡಿ 2 ವಿಕೆಟ್‌ನಿಂದ ಸೋತರು, ಬೈಗುಳ ತಿಂದರು. 2025ರಲ್ಲಿ ಅಲ್ಲೇ ಭಾರತದ ನಾಯಕ ಗಿಲ್ ಇಂಗ್ಲೆಂಡ್‌ಗೆ 608ರ ಗುರಿ ಇಟ್ಟರು, ಕೊನೆಯ ದಿನ ಮಳೆಯಿಂದ ಆಟ ತಡವಾಯಿತು, ಆದರೂ 336 ರನ್‌ನಿಂದ ಗೆದ್ದರು. ಗೆದ್ದ ಮೇಲೆ ತಡವಾಯಿತು ಅಂದವರ ದನಿ ಅಡಗಿತು. ಈಗಂತೂ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನಲ್ಲಿ ಗೆದ್ದರೆ 12 ಅಂಕ, ಡ್ರಾ ಆದರೆ 4 ಮಾತ್ರ.