27 ಇಂಚಿನ ಮಾನಿಟರ್ ತಗೊಂಡ್ರೆ ಎಕ್ಸೆಲ್ ಸಾಲು ಜಾಸ್ತಿ ಕಾಣುತ್ತಾ?

ಪ್ರಶ್ನೆ: ಮಂಡ್ಯದಲ್ಲಿದ್ದೇನೆ. ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ಕೆಲಸ, ವಾರದಲ್ಲಿ ಮೂರು ದಿನ ಮನೆಯಿಂದಲೇ. ಆಫೀಸಿನವರು ಕೊಟ್ಟ 14 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ದಿನವಿಡೀ ಎಕ್ಸೆಲ್ ನೋಡಿ ಕತ್ತು ನೋವು, ಕಣ್ಣುರಿ. ವಯಸ್ಸು 44, ಚಾಳೀಸು ಬಂದಿದೆ. ಟೇಬಲ್ ಮುಂದಿನ ಅಂಚಿನಿಂದ ಗೋಡೆಗೆ ಒಂದೂವರೆ ಅಡಿ. 15 ಸಾವಿರದೊಳಗೆ ಮಾನಿಟರ್ ತಗೋಬೇಕು. 24 ಇಂಚು ಸಾಕಾ, 27 ತಗೊಳ್ಳೋದು ವಾಸಿನಾ? ಬೆಲೆಯಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಉತ್ತರ: ಟೇಬಲ್ ಅದೇ ಇರುವುದಾದರೆ 24 ಇಂಚು. ಟೇಬಲ್ ಬದಲಾಯಿಸುವುದಾದರೆ 27 ಇಂಚು, ಆದರೆ ಅದು ಕ್ಯೂಎಚ್‌ಡಿ, ಅಂದರೆ ಫುಲ್ ಎಚ್‌ಡಿಗಿಂತ ಹೆಚ್ಚು ಚುಕ್ಕಿಗಳಿರುವ ಪರದೆ ಆಗಿರಬೇಕು. ಅಂಗಡಿಗಳಲ್ಲಿ ಇದನ್ನೇ 2ಕೆ ಅಂತಲೂ ಹೇಳುತ್ತಾರೆ. 27 ಇಂಚಿನ ಫುಲ್ ಎಚ್‌ಡಿ ಮಾತ್ರ ಬೇಡ. ಬೆಲೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದಿರಲ್ಲ, ನೀವು ನೋಡಿದ್ದು ಬಹುಶಃ ಅದನ್ನೇ.

ಯಾಕೆ ಬೇಡ ಅಂತ ಹೇಳುತ್ತೇನೆ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ (ಪಿಕ್ಸೆಲ್). ಪರದೆ 22 ಇಂಚಿದ್ದರೂ ಅಷ್ಟೇ, 27 ಇಂಚಿದ್ದರೂ ಅಷ್ಟೇ. ಎಕ್ಸೆಲ್‌ನ ಒಂದು ಸಾಲು ಮಾಮೂಲಿಯಾಗಿ 20 ಪಿಕ್ಸೆಲ್ ಎತ್ತರ. 1080ನ್ನು 20ರಿಂದ ಭಾಗಿಸಿ: 54. ಮೇಲಿನ ಮೆನು, ಕೆಳಗಿನ ಪಟ್ಟಿ ಕಳೆದರೆ ನಲವತ್ತರ ಆಸುಪಾಸು ಉಳಿಯುತ್ತದೆ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಎಷ್ಟು ಸಾಲು ಕಂಡವೋ 27 ಇಂಚಿನ ಫುಲ್ ಎಚ್‌ಡಿಯಲ್ಲೂ ಅಷ್ಟೇ ಸಾಲು. ಒಂದೂ ಹೆಚ್ಚಿಲ್ಲ. ಅದೇ ಚುಕ್ಕಿಗಳನ್ನು ಎಳೆದು ದೊಡ್ಡದು ಮಾಡಿರುತ್ತಾರೆ. ಹಾಗಾಗಿ ಅಕ್ಷರದ ಅಂಚು ಒರಟಾಗುತ್ತದೆ.

ನಿಮ್ಮ ಲ್ಯಾಪ್‌ಟಾಪಿಗೂ ಇದೇ ಲೆಕ್ಕ ಹಾಕಿ. 14 ಇಂಚಿನಲ್ಲಿ ಫುಲ್ ಎಚ್‌ಡಿ ಇದ್ದರೆ ವಿಂಡೋಸ್ ಸಾಮಾನ್ಯವಾಗಿ ಎಲ್ಲವನ್ನೂ 150 ಪರ್ಸೆಂಟ್‌ಗೆ ಹಿಗ್ಗಿಸಿ ತೋರಿಸುತ್ತದೆ. ಇಲ್ಲದಿದ್ದರೆ ಅಕ್ಷರ ಇರುವೆಯಷ್ಟು ಕಾಣುತ್ತದೆ. ಅಂದರೆ ಎಕ್ಸೆಲ್‌ಗೆ ಸಿಗುವುದು 720 ಪಿಕ್ಸೆಲ್‌ಗೆ ಸಮನಾದ ಎತ್ತರ. 24 ಇಂಚಿನ ಪರದೆಯಲ್ಲಿ ಹಿಗ್ಗಿಸುವ ಅಗತ್ಯವಿಲ್ಲ, ಪೂರ್ತಿ 1080 ನಿಮ್ಮದೇ. ವ್ಯತ್ಯಾಸ 360 ಪಿಕ್ಸೆಲ್, ಅಂದರೆ 18 ಸಾಲು. ಮೇಲೆ ಕೆಳಗೆ ಓಡಾಡುವ ಕೆಲಸ ಎಷ್ಟು ಕಡಿಮೆಯಾಗುತ್ತದೆ ಅಂತ ಲೆಡ್ಜರ್ ತೆರೆದ ಮೊದಲ ದಿನವೇ ಗೊತ್ತಾಗುತ್ತದೆ.

ಇನ್ನು 27 ಇಂಚಿನ ಕ್ಯೂಎಚ್‌ಡಿ. ಅದರಲ್ಲಿ 2560 ಅಡ್ಡ, 1440 ಉದ್ದ. ಹಿಗ್ಗಿಸದೆ ಇಟ್ಟರೆ 24 ಇಂಚಿಗಿಂತ ಇನ್ನೂ 18 ಸಾಲು ಹೆಚ್ಚು. ಆದರೆ ಅಕ್ಷರ 24 ಇಂಚಿನಲ್ಲಿ ಕಾಣುವುದಕ್ಕಿಂತ ಸ್ವಲ್ಪ ಚಿಕ್ಕದು. ಇಪ್ಪತ್ತೈದರ ಹುಡುಗರಿಗೆ ಇದು ಲೆಕ್ಕಕ್ಕೇ ಇಲ್ಲ. ಚಾಳೀಸು ಬಂದವರು ಸೆಟ್ಟಿಂಗ್ಸ್‌ಗೆ ಹೋಗಿ 125 ಪರ್ಸೆಂಟ್ ಮಾಡಿಕೊಳ್ಳುತ್ತಾರೆ. ಆಗ ಹೆಚ್ಚುವರಿ ಸಾಲುಗಳು ಮೂರೋ ನಾಲ್ಕೋ ಉಳಿಯುತ್ತವೆ. ಬದಲಿಗೆ ಸಿಗುವುದು ಸ್ವಲ್ಪ ದೊಡ್ಡದಾದ, ಬಹಳ ಚೊಕ್ಕವಾದ ಅಕ್ಷರ. ನಿಮ್ಮ ವಯಸ್ಸಿಗೆ ಇದೇ ದೊಡ್ಡ ಲಾಭ ಅಂತ ನನ್ನ ಅಭಿಪ್ರಾಯ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ. ಮಾನಿಟರ್ ವಿಮರ್ಶೆ ಮಾಡುವವರೆಲ್ಲ ಇಂಗ್ಲಿಷ್ ಅಕ್ಷರ ಇಟ್ಟುಕೊಂಡೇ ಮಾತಾಡುತ್ತಾರೆ. ನಮ್ಮ ‘ರಾಷ್ಟ್ರೀಯ’ ಅನ್ನುವುದನ್ನು ನೋಡಿ. ಷ ಕೆಳಗೆ ಟ ಒತ್ತು, ಜೊತೆಗೆ ರ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. 11ರ ಅಳತೆಯ ಫಾಂಟ್ ಅಂದರೆ 100 ಪರ್ಸೆಂಟ್‌ನಲ್ಲಿ ಹೆಚ್ಚುಕಡಿಮೆ 15 ಪಿಕ್ಸೆಲ್. ಇಷ್ಟನ್ನೂ ಆ 15 ಚುಕ್ಕಿಯಲ್ಲೇ ತುರುಕಬೇಕು. ದ ಮತ್ತು ಧ, ಬ ಮತ್ತು ಭ, ಇವುಗಳ ನಡುವೆ ಇರುವುದು ಒಂದು ಸಣ್ಣ ಗೀಟು. ಆ ಗೀಟು ಒಂದೇ ಚುಕ್ಕಿಯಾಗಿ ಉಳಿದರೆ ಕಣ್ಣು ಊಹಿಸಿಕೊಂಡು ಓದುತ್ತದೆ. ಕ್ಯೂಎಚ್‌ಡಿಯಲ್ಲಿ 125 ಪರ್ಸೆಂಟ್ ಇಟ್ಟರೆ ಅದೇ ಅಕ್ಷರಕ್ಕೆ 18 ಪಿಕ್ಸೆಲ್ ಸಿಗುತ್ತದೆ. ಮೂರು ಚುಕ್ಕಿಯಲ್ಲಿ ಏನು ಮಹಾ ಅನ್ನಬೇಡಿ, ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಎರಡೂ ಕಡೆ ಒಂದೇ ಕನ್ನಡ ಪುಟ ತೆರೆದು ಒತ್ತಕ್ಷರ ಇರುವ ಸಾಲನ್ನು ಓದಿ ನೋಡಿ.

ಕ್ಯೂಎಚ್‌ಡಿಗಿಂತಲೂ ಹೆಚ್ಚು ಚುಕ್ಕಿಯ 4ಕೆ ತಗೊಂಡರೆ ಅಕ್ಷರ ಅಚ್ಚಿನ ಪುಸ್ತಕದಂತೆ ಇರುತ್ತದೆ, ನಿಜ. ಆದರೆ ನಿಮ್ಮ ಬಜೆಟ್‌ನಲ್ಲಿಲ್ಲ, ಬಿಡಿ. ಮ್ಯಾಕ್‌ಬುಕ್ ಇರುವವರು ಮಾತ್ರ ಆ ಕಡೆ ಯೋಚಿಸಬೇಕು. ಆಪಲ್ 2018ರಲ್ಲಿ ಮ್ಯಾಕ್‌ನಲ್ಲಿ ಅಕ್ಷರ ನುಣುಪಾಗಿಸುವ ಹಳೆಯ ವಿಧಾನವನ್ನು ಕೈಬಿಟ್ಟಿತು. ಆಮೇಲೆ ಕಡಿಮೆ ಚುಕ್ಕಿಯ ಪರದೆಯಲ್ಲಿ ಮ್ಯಾಕ್ ಅಕ್ಷರ ವಿಂಡೋಸ್‌ಗಿಂತ ಮಸುಕಾಗಿ ಕಾಣುತ್ತದೆ.

ಇಲ್ಲೇ ಇನ್ನೊಂದು ಮಾತು. ‘ಮನೆಯಲ್ಲಿ 32 ಇಂಚಿನ ಟಿವಿ ಸುಮ್ನೆ ಇದೆ, ಅದನ್ನೇ ಹಾಕಿಕೊಂಡರೆ ಆಗಲ್ವಾ?’ ಅಂತ ಬಹಳ ಜನ ಕೇಳುತ್ತಾರೆ. ಆ ಟಿವಿಗಳಲ್ಲಿ ಹೆಚ್ಚಿನವು ಎಚ್‌ಡಿ ರೆಡಿ, ಅಂದರೆ 1366 × 768 ಅಷ್ಟೇ. ನಿಮ್ಮ ಲ್ಯಾಪ್‌ಟಾಪ್‌ಗಿಂತ ಕಡಿಮೆ ಚುಕ್ಕಿಯನ್ನು ಅದರ ಐದು ಪಟ್ಟು ಜಾಗದಲ್ಲಿ ಹರಡಿರುತ್ತಾರೆ. ಸೋಫಾದಲ್ಲಿ ಕೂತು ಕ್ರಿಕೆಟ್ ನೋಡಲು ಅಡ್ಡಿಯಿಲ್ಲ. ಎದುರಿಗೆ ಕೂತು ಜಿಎಸ್‌ಟಿ ರಿಟರ್ನ್ ತುಂಬಲು ಆಗುವುದಿಲ್ಲ.

ಈಗ ಟೇಬಲ್ ವಿಷಯ. ಪರದೆ ಕಣ್ಣಿನಿಂದ ಒಂದು ಕೈ ದೂರ ಇರಬೇಕು. ಬೆನ್ನು ಕುರ್ಚಿಗೆ ಒರಗಿಸಿ ಕೈ ಚಾಚಿದರೆ ಬೆರಳ ತುದಿ ಪರದೆಗೆ ತಾಗುವಷ್ಟು. ನಿಮ್ಮದು ಒಂದೂವರೆ ಅಡಿಯ ಟೇಬಲ್. ಸ್ಟ್ಯಾಂಡ್‌ನ ಪಾದವೇ ಅರ್ಧ ಅಡಿಗೂ ಹೆಚ್ಚು ಜಾಗ ತಿನ್ನುತ್ತದೆ. ಉಳಿದದ್ದರಲ್ಲಿ ಕೀಬೋರ್ಡ್ ಇಟ್ಟು ಕೂತರೆ ಕಣ್ಣಿಗೂ ಪರದೆಗೂ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಅಂತರ ಉಳಿಯುತ್ತದೆ. 24 ಇಂಚಿನ ಪರದೆ 53 ಸೆಂಟಿಮೀಟರ್ ಅಗಲ, 27 ಇಂಚಿನದು 60. ಅಷ್ಟು ಹತ್ತಿರದಿಂದ 60 ಸೆಂಟಿಮೀಟರ್ ನೋಡಬೇಕಾದರೆ ಒಂದು ಮೂಲೆಯಿಂದ ಇನ್ನೊಂದಕ್ಕೆ ತಲೆಯೇ ತಿರುಗಬೇಕು. ಕತ್ತು ನೋವಿಗೆ ಮದ್ದು ಹುಡುಕಿ ಹೊರಟು ಹೊಸ ನೋವು ಯಾಕೆ? ಎರಡು ಅಡಿ ಅಥವಾ ಅದಕ್ಕಿಂತ ಹೆಚ್ಚಿನ ಟೇಬಲ್ ಇದ್ದರೆ 27ಕ್ಕೆ ತೊಂದರೆಯಿಲ್ಲ.

ಗೋಡೆಗೆ ಹಾಕಿಸುವ ಯೋಚನೆ ಇದ್ದರೆ ಮಾನಿಟರ್ ಹಿಂದೆ ನಾಲ್ಕು ತೂತು ಇವೆಯಾ ನೋಡಿ. 75 ಅಥವಾ 100 ಮಿಲಿಮೀಟರ್ ಅಂತರದಲ್ಲಿರುತ್ತವೆ, ವೇಸಾ ಅನ್ನುತ್ತಾರೆ. ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ. ಹಳೆಯ ಮಣ್ಣಿನ ಗೋಡೆಯ ಮನೆಯಾದರೆ ಸ್ಕ್ರೂ ಹಿಡಿಯುವುದಿಲ್ಲ, ಆ ಆಸೆ ಬೇಡ.

ಕತ್ತು ನೋವಿನ ಮೂಲ ಪರದೆಯ ಇಂಚಿನಲ್ಲಿಲ್ಲ, ಎತ್ತರದಲ್ಲಿದೆ. ಲ್ಯಾಪ್‌ಟಾಪ್ ನೋಡುವಾಗ ತಲೆ ಬಗ್ಗಲೇಬೇಕು. ಮಾನಿಟರ್‌ನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ ಇರಬೇಕು. ಕಡಿಮೆ ಬೆಲೆಯ ಮಾನಿಟರ್‌ಗಳ ಸ್ಟ್ಯಾಂಡ್ ಹಿಂದೆ ಮುಂದೆ ವಾಲುತ್ತದೆ ಅಷ್ಟೇ, ಮೇಲೆ ಕೆಳಗೆ ಆಗುವುದಿಲ್ಲ. ಎತ್ತರ ಬದಲಾಯಿಸುವ ಸ್ಟ್ಯಾಂಡ್‌ಗೆ ಒಂದೆರಡು ಸಾವಿರ ಹೆಚ್ಚು ಕೊಡಬೇಕಾದರೆ ಕೊಡಿ. ಅದೇ ದುಡ್ಡನ್ನು ಬಾಗಿದ ಪರದೆಗೆ, ಬಣ್ಣದ ದೀಪಕ್ಕೆ ಸುರಿಯಬೇಡಿ. ಇಲ್ಲವಾದರೆ ಅಟ್ಟದ ಮೇಲಿರುವ ಊಟದ ಮಣೆ ತಂದು ಮಾನಿಟರ್ ಕೆಳಗಿಡಿ. ಅಲುಗದಂತೆ ಕೂರುತ್ತದೆ, ಕೆಳಗೆ ಕೇಬಲ್ ಸುತ್ತಿಡಲು ಜಾಗವೂ ಸಿಗುತ್ತದೆ.

ಚಾಳೀಸಿನವರಿಗೆ ಎತ್ತರದ ಲೆಕ್ಕ ಬೇರೆ. ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಕನ್ನಡಕ ಹಾಕುವವರು ಕೆಳಭಾಗದ ಗಾಜಿನಿಂದ ನೋಡಲು ಗಲ್ಲ ಎತ್ತುತ್ತಾರೆ. ಅದಕ್ಕೇ ಕತ್ತಿನ ಹಿಂಭಾಗ ಹಿಡಿದುಕೊಳ್ಳುವುದು. ಅಂಥವರು ಪರದೆಯನ್ನು ಇನ್ನಷ್ಟು ಕೆಳಗಿಳಿಸಬೇಕು. ಪೇಪರ್ ಓದುವ ಕನ್ನಡಕವನ್ನೇ ಕಂಪ್ಯೂಟರಿಗೂ ಹಾಕಿದರೆ ಇನ್ನೊಂದು ತೊಂದರೆ. ಅದು ಒಂದೂಕಾಲು ಅಡಿಯ ದೂರಕ್ಕೆ ಮಾಡಿದ್ದು, ಮಾನಿಟರ್ ಅದಕ್ಕಿಂತ ಆಚೆ ಇರುತ್ತದೆ. ನಿಮಗೇ ಗೊತ್ತಿಲ್ಲದೆ ಮುಂದಕ್ಕೆ ಬಾಗುತ್ತೀರಿ. ಟೇಪ್ ಹಿಡಿದು ಕಣ್ಣಿನಿಂದ ಪರದೆಗೆ ಎಷ್ಟು ದೂರ ಅಂತ ಅಳೆದು, ಆ ಅಂಕಿಯನ್ನು ಕಣ್ಣಿನ ಡಾಕ್ಟರಿಗೆ ಹೇಳಿ. ಆ ದೂರಕ್ಕೇ ಬೇರೆ ನಂಬರ್ ಬರೆದುಕೊಡುತ್ತಾರೆ.

ಕಣ್ಣುರಿಗೆ ‘ನೀಲಿ ಬೆಳಕು ತಡೆಯುವ’ ಮಾನಿಟರ್ ಬೇಕು ಅಂತ ಅಂಗಡಿಯವರು ಹೇಳಬಹುದು. ನಂಬಬೇಕಾಗಿಲ್ಲ. ಅಮೆರಿಕದ ನೇತ್ರತಜ್ಞರ ಅಕಾಡೆಮಿಯೇ ನೀಲಿ ಬೆಳಕಿನ ಕನ್ನಡಕವನ್ನು ಶಿಫಾರಸು ಮಾಡುವುದಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ, ಉರಿ ಬರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡ್ ನೋಡಿ, ಖರ್ಚಿಲ್ಲ. ಬ್ರೈಟ್‌ನೆಸ್‌ಗೂ ಸುಲಭದ ಪರೀಕ್ಷೆಯಿದೆ. ಬಿಳಿ ಹಾಳೆಯೊಂದನ್ನು ಪರದೆಯ ಪಕ್ಕ ಹಿಡಿಯಿರಿ. ಎರಡೂ ಒಂದೇ ಥರ ಬಿಳಿ ಕಾಣುವ ತನಕ ಬೆಳಕು ಇಳಿಸಿ. ಹೊಸ ಮಾನಿಟರ್‌ಗಳೆಲ್ಲ ಬಹಳ ಪ್ರಖರವಾಗಿ ಸೆಟ್ ಆಗಿ ಬಂದಿರುತ್ತವೆ. ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಇರಲಿ, ಎದುರಿಗಾಗಲೀ ಬೆನ್ನಿಗಾಗಲೀ ಬೇಡ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪ್ಯಾನೆಲ್, ಅಂದರೆ ಪರದೆಯ ಬಗೆ, ಐಪಿಎಸ್ ಇರಲಿ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಸಿನಿಮಾಕ್ಕೆ ಒಳ್ಳೇದು, ಆದರೆ ಸ್ಕ್ರೋಲ್ ಮಾಡುವಾಗ ಅಕ್ಷರ ಬಾಲ ಎಳೆದಂತೆ ಕಾಣಬಹುದು. 100 ಹರ್ಟ್ಸ್ (ಸೆಕೆಂಡಿಗೆ 100 ಸಲ ಚಿತ್ರ ಬದಲಿಸುವ ಪರದೆ) ಅದೇ ಬೆಲೆಗೆ ಬಂದರೆ ಸಂತೋಷ, ಅದಕ್ಕಾಗಿ ದುಡ್ಡು ಕೊಡಬೇಡಿ. 250 ನಿಟ್ಸ್ ಬೆಳಕಿನ ಪರದೆಯ ಮೇಲೆ ಎಚ್‌ಡಿಆರ್ (ಬೆಳಕು ನೆರಳು ಹೆಚ್ಚು ಎದ್ದು ಕಾಣುವ ಚಿತ್ರ) ಅಂತ ಚೀಟಿ ಅಂಟಿಸಿದ್ದರೆ ಅದು ಬರೀ ಚೀಟಿ.

ಕೇಬಲ್ ಬಗ್ಗೆ ಮಾತ್ರ ಎಚ್ಚರ. ನಿಮ್ಮದು ಆಫೀಸಿನ ಲ್ಯಾಪ್‌ಟಾಪ್, ಹೊಸ ಡ್ರೈವರ್ ಸಾಫ್ಟ್‌ವೇರ್ ಹಾಕಲು ಬಹುತೇಕ ಕಂಪನಿಗಳು ಬಿಡುವುದಿಲ್ಲ. ಎಚ್‌ಡಿಎಂಐಗೆ ಡ್ರೈವರ್ ಬೇಕಿಲ್ಲ, ಚುಚ್ಚಿದರೆ ಆಯಿತು. ಟೈಪ್-ಸಿ ಒಂದೇ ಕೇಬಲ್‌ನಲ್ಲಿ ಚಿತ್ರವೂ ಚಾರ್ಜೂ ಆಗುವ ಮಾನಿಟರ್‌ಗಳು ಅನುಕೂಲ, ಆದರೆ ದುಬಾರಿ. ಎಲ್ಲ ಟೈಪ್-ಸಿ ಪೋರ್ಟಿನಿಂದಲೂ ಚಿತ್ರ ಬರುವುದಿಲ್ಲ ಅನ್ನುವುದೂ ನೆನಪಿರಲಿ. ಪೋರ್ಟ್ ಪಕ್ಕ ಮಿಂಚಿನ ಗುರುತೋ ಡಿಸ್‌ಪ್ಲೇಪೋರ್ಟ್ ಗುರುತೋ ಇದೆಯಾ ನೋಡಿ, ಇಲ್ಲದಿದ್ದರೆ ಲ್ಯಾಪ್‌ಟಾಪ್‌ನ ಮಾಡೆಲ್ ನಂಬರ್ ಹಾಕಿ ಕಂಪನಿಯ ಸೈಟಿನಲ್ಲಿ ಖಾತ್ರಿ ಮಾಡಿಕೊಳ್ಳಿ.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಮಾನಿಟರ್ ಆರಿಹೋಗುತ್ತದೆ. ಮೀಟಿಂಗ್ ಮಧ್ಯೆ ತೆರೆದಿಟ್ಟ ವಿಂಡೋಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಚಿಕ್ಕ ಪರದೆಗೆ ಬಂದು ಬೀಳುತ್ತವೆ. ಮಾನಿಟರ್ ಪ್ಲಗ್ಗನ್ನು ಮನೆಯ ಇನ್ವರ್ಟರ್ ಲೈನಿಗೇ ಹಾಕಿ. 24 ಇಂಚಿನದು 20 ವ್ಯಾಟ್ ಆಸುಪಾಸು ಎಳೆಯುತ್ತದೆ, ಮಾಮೂಲಿ ಸೀಲಿಂಗ್ ಫ್ಯಾನ್ ಇದರ ಮೂರು ಪಟ್ಟು. ಬಹಳಷ್ಟು ಇನ್ವರ್ಟರ್‌ಗಳ ಹಿಂದೆ ಯುಪಿಎಸ್, ಇಕೋ ಅಂತ ಒಂದು ಸ್ವಿಚ್ ಇರುತ್ತದೆ. ಇಕೋದಲ್ಲಿದ್ದರೆ ಕರೆಂಟ್ ಬದಲಾಗುವಾಗ ಮಾನಿಟರ್ ಒಮ್ಮೆ ಆರಿ ಹತ್ತಬಹುದು, ರೌಟರ್ ಕೂಡ. ಯುಪಿಎಸ್ ಕಡೆ ತಳ್ಳಿ. ಏಪ್ರಿಲ್, ಮೇನ ಗುಡುಗು ಮಳೆಗೆ ಪ್ಲಗ್ ಕಿತ್ತಿಡುವುದೇ ಸರಿ.

ಕೊಳ್ಳುವ ಮೊದಲು ಒಮ್ಮೆ ಮೈಸೂರಿಗೆ ಹೋಗಿಬನ್ನಿ, ಮುಕ್ಕಾಲು ಗಂಟೆಯ ದಾರಿ. ಬೆಂಗಳೂರಿನ ಎಸ್.ಪಿ. ರೋಡ್‌ವರೆಗೆ ಹೋಗುವ ಅಗತ್ಯವಿಲ್ಲ. ಅಂಗಡಿಯಲ್ಲಿ ಓಡುತ್ತಿರುವ ಹೂವು ಹಕ್ಕಿಗಳ ವಿಡಿಯೊ ನೋಡಿ ತೀರ್ಮಾನ ಮಾಡಬೇಡಿ, ಅದರಲ್ಲಿ ಯಾವ ಪರದೆಯೂ ಚೆನ್ನಾಗೇ ಕಾಣುತ್ತದೆ. ನಿಮ್ಮ ಲ್ಯಾಪ್‌ಟಾಪ್ ಒಯ್ದು ಚುಚ್ಚಿಸಿ, ದಿನಾ ತೆರೆಯುವ ಥರದ್ದೇ ಒಂದು ಶೀಟ್ ತೆರೆಯಿರಿ. ಐಪಿಎಸ್ ಪ್ಯಾನೆಲ್‌ನ 24 ಇಂಚಿನ ಫುಲ್ ಎಚ್‌ಡಿ ಹತ್ತು ಸಾವಿರದ ಒಳಗೇ ಸಿಗುತ್ತದೆ, ಎತ್ತರದ ಸ್ಟ್ಯಾಂಡ್ ಸೇರಿದರೆ ಸ್ವಲ್ಪ ಮೇಲೆ. ಉಳಿದ ದುಡ್ಡಿಗೆ ಬೇರೆ ಕೀಬೋರ್ಡ್, ಮೌಸ್ ಬರುತ್ತದೆ. 27ರ ಕ್ಯೂಎಚ್‌ಡಿಗೆ ನಿಮ್ಮ 15 ಸಾವಿರ ಸಾಕಾಗಬೇಕಾದರೆ ದಸರಾ, ದೀಪಾವಳಿ ಸೇಲ್ ಕಾಯಬೇಕಾಗಬಹುದು.

ಆನ್‌ಲೈನ್‌ನಲ್ಲಿ ತರಿಸಿದರೆ ಬಂದ ದಿನವೇ ಪರದೆ ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಮಾಡಿ ಸತ್ತ ಚುಕ್ಕಿ ಇದೆಯಾ ನೋಡಿ. ಒಂದೆರಡು ಚುಕ್ಕಿಯನ್ನು ಅನೇಕ ಕಂಪನಿಗಳು ವಾರಂಟಿಯಲ್ಲಿ ದೋಷ ಅಂತಲೇ ಒಪ್ಪುವುದಿಲ್ಲ. ವಾಪಸ್ ಮಾಡುವ ಅವಧಿಯಲ್ಲೇ ಹಿಡಿಯಬೇಕು. ಆರ್ಡರ್ ಮಾಡುವ ಮುಂಚೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, 571401 ಪಿನ್‌ಕೋಡ್‌ಗೆ ಮನೆಗೇ ಬಂದು ರಿಪೇರಿ ಮಾಡುತ್ತೀರಾ ಅಂತ ಕೇಳಿ. ‘ಮೈಸೂರಿನ ಸರ್ವಿಸ್ ಸೆಂಟರ್‌ಗೆ ತನ್ನಿ’ ಅಂದರೆ, ವಾರಂಟಿ ಮುಗಿಯುವ ತನಕ ಡಬ್ಬವನ್ನೂ ಒಳಗಿನ ಥರ್ಮೋಕೋಲನ್ನೂ ಎಸೆಯದೆ ಅಟ್ಟದ ಮೇಲೆ ಇಟ್ಟಿರಿ.