ಬರೀ ಹಸಿ ಹಣ್ಣು-ತರಕಾರಿ ತಿಂದು ಇರಬೇಕು ಅಂತಿದ್ದೇನೆ, ಮನೆಯಲ್ಲಿ ಯಾರೂ ಜೊತೆಗಿಲ್ಲ. ಹೇಗೆ ಶುರು ಮಾಡಲಿ?

ಪ್ರಶ್ನೆ: ನನಗೆ 33 ವರ್ಷ. ಬೇಯಿಸಿದ್ದು, ಹಾಲು-ಮೊಸರು, ಎಣ್ಣೆ ಎಲ್ಲಾ ಬಿಟ್ಟು ಹಣ್ಣು, ಹಸಿ ತರಕಾರಿ, ಸೊಪ್ಪಿನಲ್ಲೇ ಇರಬೇಕು ಅಂತ ಮನಸ್ಸು ಮಾಡಿದ್ದೇನೆ. ಕೊಬ್ಬು ಕಮ್ಮಿ ಇರುವ ರಾ ವೀಗನ್ ಊಟ. ಎರಡು ಸಲ ಶುರು ಮಾಡಿ ಹತ್ತೇ ದಿನಕ್ಕೆ ಬಿಟ್ಟೆ. ಸುಸ್ತು, ತಲೆನೋವು, ಜೊತೆಗೆ ಮನೆಯವರ ಜಗಳ. ಸರಿಯಾಗಿ ಮಾಡೋದು ಹೇಗೆ? ಯಾರ ಬೆಂಬಲ ಕೇಳಲಿ?

ಉತ್ತರ: ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಹೆಚ್ಚುಕಮ್ಮಿ ಇದೇ. ಆ ಹತ್ತು ದಿನದ ಲೆಕ್ಕವೂ ಅದೇ. ನಾನೂ ಮೊದಲ ಸಲ ಬಿಟ್ಟಿದ್ದು ಹನ್ನೊಂದನೇ ದಿನ. ಮನಸ್ಸು ಗಟ್ಟಿ ಇಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಬಹಳಷ್ಟು ಸಲ ಕಾರಣ ತುಂಬ ಸರಳ. ನೀವು ಸಾಕಷ್ಟು ತಿಂದಿರುವುದಿಲ್ಲ.

ಆ ಹನ್ನೊಂದನೇ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ಎರಡು ಬಾಳೆಹಣ್ಣು, ಒಂದು ಸೇಬು. ಮಧ್ಯಾಹ್ನಕ್ಕೆ ಸ್ಟೀಲ್ ಡಬ್ಬಿಯಲ್ಲಿ ಸೌತೆಕಾಯಿ, ಕ್ಯಾರೆಟ್, ಟೊಮೇಟೊ, ಮೇಲೆ ನಿಂಬೆಹುಳಿ. ಡಬ್ಬಿ ತುಂಬಿತ್ತು, ಹೊಟ್ಟೆಯೂ ತುಂಬಿತು. ಸಂಜೆ ಐದಕ್ಕೆ ಬಸ್ಸಿನ ಕಂಬಿ ಹಿಡಿದು ನಿಂತಿದ್ದೆ, ಕೈ ನಡುಗೋಕೆ ಶುರುವಾಯಿತು. ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಅಡುಗೆಮನೆಗೆ ಹೋಗಿ ತಣ್ಣಗಿದ್ದ ಚಿತ್ರಾನ್ನ ನಿಂತುಕೊಂಡೇ ತಿಂದೆ. ಅಮ್ಮ ಏನೂ ಅನ್ನಲಿಲ್ಲ, ಒಂದು ಲೋಟ ನೀರು ತಂದಿಟ್ಟರು.

ಆ ಡಬ್ಬಿಯ ಲೆಕ್ಕ ನೋಡಿ. ಇನ್ನೂರು ಗ್ರಾಂ ಸೌತೆಕಾಯಿ, ನೂರು ಗ್ರಾಂ ಕ್ಯಾರೆಟ್, ನೂರು ಗ್ರಾಂ ಟೊಮೇಟೊ. ಎಲ್ಲಾ ಸೇರಿ ಸುಮಾರು 90 ಕ್ಯಾಲೊರಿ. ಎರಡು ಏಲಕ್ಕಿ ಬಾಳೆಹಣ್ಣಿನಲ್ಲಿ ಇರುವಷ್ಟೇ. ನಾನು ಅದನ್ನು ಮಧ್ಯಾಹ್ನದ ಊಟ ಅಂದುಕೊಂಡಿದ್ದೆ.

ಈ ಊಟದ ಪದ್ಧತಿಯನ್ನು ಜನಪ್ರಿಯ ಮಾಡಿದವರಲ್ಲಿ ಅಮೆರಿಕದ ಡಗ್ಲಸ್ ಗ್ರಹಾಂ ಮುಖ್ಯರು. ಅವರ ಸೂತ್ರ 80-10-10. ದಿನದ ಕ್ಯಾಲೊರಿಯಲ್ಲಿ 80 ಭಾಗ ಕಾರ್ಬೋಹೈಡ್ರೇಟ್, 10 ಭಾಗ ಪ್ರೋಟೀನ್, 10 ಭಾಗ ಕೊಬ್ಬು. ಹೊಟ್ಟೆ ತುಂಬಿಸುವ ಕೆಲಸ ಸಿಹಿ ಹಣ್ಣಿನದು. ಸೊಪ್ಪು-ತರಕಾರಿ ಅದರ ಜೊತೆಗೆ. ಸಲಾಡ್ ತಿಂದುಕೊಂಡು ಇರೋದು ಅಂತ ನಾವು ತಪ್ಪು ತಿಳಿಯುವುದು ಇಲ್ಲೇ.

ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಎಷ್ಟು ಹಣ್ಣು ಬೇಕು? ನೂರು ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 89 ಕ್ಯಾಲೊರಿ ಇದೆ. ನಮ್ಮ ಮನೆ ತಕ್ಕಡಿಯಲ್ಲಿ ಸಿಪ್ಪೆ ಸುಲಿದ ಏಲಕ್ಕಿ ಬಾಳೆ 50 ಗ್ರಾಂ ಮೀರುವುದು ಕಮ್ಮಿ. ಅಂದರೆ ಬರೀ ಅದನ್ನೇ ತಿಂದರೆ ದಿನಕ್ಕೆ ನಲವತ್ತಕ್ಕೂ ಜಾಸ್ತಿ ಹಣ್ಣು. ಯಾರೂ ಹಾಗೆ ಒಂದೇ ಹಣ್ಣು ತಿನ್ನಬೇಕಿಲ್ಲ, ಆದರೆ ಅಳತೆ ಗೊತ್ತಿರಲಿ ಅಂತ ಹೇಳಿದೆ. ಮಾವು ನೂರು ಗ್ರಾಂಗೆ 60, ಸಪೋಟ 83, ಹಲಸಿನ ತೊಳೆ 95ರ ಹತ್ತಿರ. ಪಪ್ಪಾಯಿ 43. ಕಲ್ಲಂಗಡಿ ಬರೀ 30, ಅದನ್ನು ನಂಬಿಕೊಂಡು ದಿನ ಕಳೆಯೋಕೆ ಆಗಲ್ಲ. ಒಂದು ಹೊತ್ತಿಗೆ ಅಂದರೆ ಹತ್ತು ಏಲಕ್ಕಿ ಬಾಳೆ, ಮೇಲೊಂದು ದೊಡ್ಡ ಬಟ್ಟಲು ಪಪ್ಪಾಯಿ. ಅಷ್ಟು ತಿಂದಾಗ ಸಂಜೆ ಕೈ ನಡುಗಲಿಲ್ಲ.

ಕೊಬ್ಬಿನ ಕಡೆ ಲೆಕ್ಕ ತಿರುಗುತ್ತದೆ. 2000ದಲ್ಲಿ ಹತ್ತು ಭಾಗ ಅಂದರೆ 200 ಕ್ಯಾಲೊರಿ, ಸುಮಾರು 22 ಗ್ರಾಂ ಕೊಬ್ಬು. ಒಂದು ಹಿಡಿ ಕಡಲೆಕಾಯಿ ಬೀಜ, 30 ಗ್ರಾಂ ಅಂತಿಟ್ಟುಕೊಳ್ಳಿ, ಅದರಲ್ಲೇ 15 ಗ್ರಾಂ ಹೋಯಿತು. ಹಸಿ ತೆಂಗಿನಕಾಯಿಯ ಮೂರನೇ ಒಂದು ಭಾಗ ಕೊಬ್ಬು. ಎಲ್ಲದಕ್ಕೂ ಕಾಯಿತುರಿ ಉದುರಿಸುವ ನಮ್ಮ ಕೈ ಇಲ್ಲಿ ಸ್ವಲ್ಪ ಹಿಡಿತ ಕಲಿಯಬೇಕು. ಹಾಗಂತ ಪೂರ್ತಿ ಬಿಡಬೇಡಿ. ಸೊಪ್ಪು, ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೋಟಿನ್ ಮೈಗೆ ಹಿಡಿಯೋಕೆ ಕೊಬ್ಬು ಬೇಕೇ ಬೇಕು. ದಿನಕ್ಕೆ ಒಂದು ಚಮಚ ಅಗಸೆ ಬೀಜದ ಪುಡಿ, ಎರಡು ಚಮಚ ಕಾಯಿತುರಿ ಇರಲಿ.

ಇನ್ನು ಇದರಿಂದ ಆಗುವ ತೊಂದರೆಗಳು. ಇದನ್ನು ನಾನು ಮೆತ್ತಗೆ ಹೇಳಲಾರೆ.

ಜರ್ಮನಿಯ ಗೀಸೆನ್‌ನಲ್ಲಿ ಊಟದ 70ರಿಂದ 100 ಭಾಗ ಹಸಿಯಾಗಿಯೇ ತಿನ್ನುತ್ತಿದ್ದ ಐನೂರಕ್ಕೂ ಹೆಚ್ಚು ಜನರನ್ನು ನೋಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. 45ಕ್ಕಿಂತ ಚಿಕ್ಕ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಜನರಿಗೆ ಮುಟ್ಟು ಏರುಪೇರಾಗಿತ್ತು, ಇಲ್ಲವೇ ನಿಂತೇ ಹೋಗಿತ್ತು. ತೂಕ ಜಾಸ್ತಿ ಇಳಿದವರಲ್ಲೇ ಇದು ಹೆಚ್ಚು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವರ್ಷಗಟ್ಟಲೆ ಹಸಿ ಸಸ್ಯಾಹಾರದಲ್ಲೇ ಇದ್ದ 18 ಜನರನ್ನು ಪರೀಕ್ಷಿಸಿದರು. 2005ರಲ್ಲಿ ಬಂದ ಆ ವರದಿಯಲ್ಲಿ ಅವರ ಮೂಳೆ ಸಾಂದ್ರತೆ ಕಮ್ಮಿ ಇತ್ತು.

ಬಿ12 ಯಾವ ಹಣ್ಣಿನಲ್ಲೂ, ಯಾವ ಸೊಪ್ಪಿನಲ್ಲೂ ನಂಬುವಷ್ಟು ಸಿಗುವುದಿಲ್ಲ. ಸ್ಪಿರುಲಿನಾ ಅನ್ನುವ ಪಾಚಿ ಪುಡಿಯಲ್ಲಿ ಇರುವುದು ಬಹುಪಾಲು ನಮ್ಮ ಮೈಗೆ ಕೆಲಸಕ್ಕೆ ಬಾರದ ರೂಪ. ಮಾತ್ರೆ ತಗೊಳ್ಳಲೇಬೇಕು, ಎಷ್ಟು ಅಂತ ಡಾಕ್ಟರ್ ಹೇಳಲಿ. ನಾನು ನಾಲ್ಕು ತಿಂಗಳ ನಂತರ ಪರೀಕ್ಷೆ ಮಾಡಿಸಿದಾಗ 148 ಬಂತು. ಆ ಲ್ಯಾಬಿನ ಕಾಗದದಲ್ಲಿ ಕೆಳಗಿನ ಗೆರೆ 200 ಇತ್ತು. ಹಾಲು-ಮೊಸರು ಬಿಡುವ ಮುಂಚೆಯೇ ಕಮ್ಮಿ ಇದ್ದಿರಬಹುದು, ನಾನು ನೋಡಿಸಿರಲೇ ಇಲ್ಲ. ಅದಕ್ಕೇ ನಿಮಗೆ ಹೇಳುವುದು, ಶುರು ಮಾಡುವ ಮೊದಲೇ ರಕ್ತ ಕೊಟ್ಟು ಬನ್ನಿ. ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್, ಸಕ್ಕರೆ.

ಥೈರಾಯ್ಡ್ ಯಾಕೆ ಅಂತೀರಾ? ನಮಗೆ ಅಯೋಡಿನ್ ಬರುವುದೇ ಹೆಚ್ಚಾಗಿ ಅಡುಗೆ ಉಪ್ಪಿನಿಂದ. ಬೇಯಿಸುವುದನ್ನು ಬಿಟ್ಟರೆ ಉಪ್ಪೂ ತಾನಾಗೇ ಬಿಟ್ಟುಹೋಗುತ್ತದೆ. ಕೋಸಂಬರಿಗೆ ಒಂದು ಚಿಟಿಕೆ ಅಯೋಡಿನ್ ಉಪ್ಪು ಬೀಳಲಿ.

ಪ್ರೋಟೀನ್ ಲೆಕ್ಕವೂ ಬಿಗಿ. 2000 ಕ್ಯಾಲೊರಿಯಷ್ಟು ಬಾಳೆಹಣ್ಣು ತಿಂದರೂ ಸುಮಾರು 25 ಗ್ರಾಂ ಅಷ್ಟೇ ಆಗುತ್ತದೆ. ಭಾರತದಲ್ಲಿ 55 ಕೆಜಿಯ ಹೆಂಗಸಿಗೆ ಹೇಳಿರುವುದು ದಿನಕ್ಕೆ ಸುಮಾರು 46 ಗ್ರಾಂ. ಮೊಳಕೆ ಹೆಸರುಕಾಳು ಸಹಾಯ ಮಾಡುತ್ತದೆ, ಆದರೆ ನೂರು ಗ್ರಾಂಗೆ ಮೂರು ಗ್ರಾಂ ಅಷ್ಟೇ. ರಾಜ್ಮಾವನ್ನು ಮಾತ್ರ ಎಂದೂ ಹಸಿಯಾಗಿ ತಿನ್ನಬೇಡಿ, ನೆನೆಸಿದರೂ ಮೊಳಕೆ ಬಂದರೂ ಅದು ವಿಷ. ಮರಗೆಣಸೂ ಹಾಗೇ.

ಸೊಪ್ಪು ತೊಳೆಯುವುದರಲ್ಲಿ ಸೋಮಾರಿತನ ಬೇಡ. ಕೊಳಚೆ ನೀರು ಮುಟ್ಟಿದ ಹಸಿ ಸೊಪ್ಪಿನ ಮೇಲೆ ಲಾಡಿಹುಳುವಿನ ಮೊಟ್ಟೆ ಇದ್ದರೆ ಅದು ಮೆದುಳಿನವರೆಗೂ ಹೋಗಿ ಫಿಟ್ಸ್ ತರಬಹುದು. ಪಾತ್ರೆಯಲ್ಲಿ ಮುಳುಗಿಸಿ ತೆಗೆದರೆ ಸಾಲದು, ಹರಿಯುವ ನೀರಿನಲ್ಲಿ ಎಲೆ ಎಲೆ ಉಜ್ಜಿ ತೊಳೆಯಿರಿ. ಹುಳಿ ಹಣ್ಣು ತಿಂದ ತಕ್ಷಣ ಹಲ್ಲುಜ್ಜಬೇಡಿ, ಬಾಯಿ ಮುಕ್ಕಳಿಸಿ. ದಿನವೂ ಲೋಟಗಟ್ಟಲೆ ಹಸಿ ಪಾಲಕ್ ರಸ ಕುಡಿಯುವುದು ಕಿಡ್ನಿ ಕಲ್ಲಿಗೆ ದಾರಿ ಮಾಡಬಹುದು.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಇದಕ್ಕೆ ಕೈ ಹಾಕಬಾರದು. ಹಿಂದೆ ಊಟ ಬಿಟ್ಟು ಬಿಟ್ಟು ಸೊರಗಿದ್ದವರೂ ಅಷ್ಟೇ. ಕಿಡ್ನಿ ಕಾಯಿಲೆ ಇದ್ದವರಿಗೆ ಇಷ್ಟು ಬಾಳೆಹಣ್ಣು, ಎಳನೀರಿನ ಪೊಟ್ಯಾಸಿಯಂ ಅಪಾಯ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಒಂದು ದಿನವೂ ಮಾಡಬೇಡಿ.

ಈಗ ಬೆಂಬಲದ ಮಾತಿಗೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಅದೇ ಭಾಗ.

ಈ ದಾರಿಯಲ್ಲಿ ಹುರಿದುಂಬಿಸುವ ಜನ ಬೇಗ ಸಿಗುತ್ತಾರೆ. ಸುಸ್ತು ಅಂದರೆ, ಅದು ಡಿಟಾಕ್ಸ್, ವಿಷ ಹೊರಗೆ ಹೋಗ್ತಿದೆ, ತಡ್ಕೊಳ್ಳಿ ಅಂತಾರೆ. ಮುಟ್ಟು ನಿಂತರೆ ಅದಕ್ಕೂ ಇದೇ ಮಾತು. ದಯವಿಟ್ಟು ನಂಬಬೇಡಿ. ಸುಸ್ತು ಅಂದರೆ ಮೊದಲು ಹಸಿವು, ಅದಲ್ಲದಿದ್ದರೆ ಏನೋ ಕೊರತೆ. ಮುಟ್ಟು ನಿಂತರೆ ಮೈ ಸಾಕು ಅನ್ನುತ್ತಿದೆ ಅಂತ ಅರ್ಥ. ನಮ್ಮಲ್ಲಿ ಎದುರಿಗೆ ಸಿಕ್ಕವರನ್ನು ಮಾತಾಡಿಸುವುದೇ "ಊಟ ಆಯ್ತಾ" ಅಂತ, ಅಲ್ವಾ? ನಿಮಗೆ ಬೇಕಿರುವುದು ಹಾಗೆ ಕೇಳಿ, ಉತ್ತರಕ್ಕೆ ಕಾಯುವ ಒಬ್ಬರು. ಆಯ್ತು ಅಂದರೆ ಏನು ತಿಂದೆ, ಎಷ್ಟು ತಿಂದೆ ಅಂತ ಮತ್ತೆ ಕೇಳುವವರು. ಅವರು ಹಸಿ ಆಹಾರದವರೇ ಆಗಬೇಕಿಲ್ಲ.

ಸಾಮಾನ್ಯವಾಗಿ ಅವರು ಮನೆಯಲ್ಲೇ ಇರುತ್ತಾರೆ, ನಿಮ್ಮ ಜೊತೆ ಜಗಳ ಆಡುತ್ತಿರುವವರೇ. ನನ್ನ ಅಮ್ಮನಿಗೆ ನೋವಾಗಿದ್ದು ಹಣ್ಣು ತಿಂದದ್ದಕ್ಕಲ್ಲ. ಅವರು ಕಲಸಿ ಕೊಟ್ಟ ತುತ್ತನ್ನು ನಾನು ಬೇಡ ಅಂದೆ, ಅದಕ್ಕೆ. ಅದು ಅರ್ಥವಾಗೋಕೆ ನನಗೆ ಬಹಳ ದಿನ ಹಿಡಿಯಿತು. ಆಮೇಲೆ ಒಂದು ಸಂಜೆ ದಾಳಿಂಬೆ ಬಿಡಿಸಿಕೊಡ್ತೀಯಾ ಅಂತ ಕೇಳಿದೆ. ಹಳೇ ಹಿತ್ತಾಳೆ ತಟ್ಟೆಯಲ್ಲಿ ಒಂದೊಂದೇ ಕಾಳು ಬಿಡಿಸುತ್ತಾ, ಇಷ್ಟು ಸಾಕಾ, ಇನ್ನೊಂದು ಬಿಡಿಸಲಾ ಅಂತ ಅವರೇ ಕೇಳಿದರು. ಮನೆಯವರಿಗೆ ಕೆಲಸ ಕೊಡಿ. ನಿಮ್ಮ ಹೊಸ ಊಟದಲ್ಲೂ ಅವರ ಕೈ ಇರಲಿ.

ಮಾತೂ ಮುಖ್ಯ. ರಾ ವೀಗನ್ ಅಂದರೆ ಮನೆಯಲ್ಲಿ ಗಾಬರಿ. ಇವತ್ತು ಏಕಾದಶಿ, ಹಣ್ಣು ಮಾತ್ರ ಅಂದರೆ ಯಾರಿಗೂ ತಕರಾರಿಲ್ಲ. ನೆನೆಸಿದ ಹೆಸರುಬೇಳೆ ಕೋಸಂಬರಿ, ರಸಾಯನ, ಹಸಿ ಮಾವಿನಕಾಯಿ, ಎಳನೀರು ಇವೆಲ್ಲಾ ನಮ್ಮ ಎಲೆಯ ಮೇಲೆ ಮೊದಲಿಂದಲೂ ಇವೆ. ಮದುವೆ ಮನೆಯಲ್ಲಿ ಕೋಸಂಬರಿ ಎರಡು ಸಲ ಕೇಳಿ ಹಾಕಿಸಿಕೊಂಡರೆ ಬಡಿಸುವವರಿಗೆ ಖುಷಿಯೇ. ಒಗ್ಗರಣೆ ಎಣ್ಣೆ ಸ್ವಲ್ಪ ಬಿದ್ದಿದ್ದರೆ ಆ ದಿನ ಬೀಳಲಿ ಬಿಡಿ.

ಮನೆಯ ಹೊರಗೆ ಬೇಕೆಂದರೆ ಕರ್ನಾಟಕದಲ್ಲಿ ನಮಗೆ ಅನುಕೂಲ ಇದೆ. ಧರ್ಮಸ್ಥಳದ ಶಾಂತಿವನ, ಉಜಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜು, ಬೆಂಗಳೂರಿನ ಜಿಂದಾಲ್ ಪ್ರಕೃತಿ ಚಿಕಿತ್ಸಾ ಕೇಂದ್ರ, ಮೈಸೂರಿನ ಸರ್ಕಾರಿ ಪ್ರಕೃತಿ ಚಿಕಿತ್ಸಾ ಕಾಲೇಜು. ಇಂಥ ಕಡೆ ಕಲಿತ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಡಾಕ್ಟರುಗಳು ಈಗ ಅನೇಕ ಊರುಗಳಲ್ಲಿ ಸಿಗುತ್ತಾರೆ. ಹಸಿ ಆಹಾರ ಅಂದರೆ ಅವರು ಹುಬ್ಬೇರಿಸುವುದಿಲ್ಲ. ಆದರೆ ಪ್ರಕೃತಿ ಚಿಕಿತ್ಸೆಯಲ್ಲಿ ಬರೀ ಹಸಿ ಊಟ ಸಾಮಾನ್ಯವಾಗಿ ಕೆಲವೇ ದಿನ, ಅದೂ ಕಣ್ಣಳತೆಯಲ್ಲಿ. ಮಜ್ಜಿಗೆ, ಜೇನುತುಪ್ಪವೂ ಬರಬಹುದು. ನೀವು ವೀಗನ್ ಆದರೆ ಮೊದಲೇ ಹೇಳಿಬಿಡಿ. ಜೊತೆಗೆ ನಿಮ್ಮ ರಕ್ತದ ವರದಿ ಓದುವ ಒಬ್ಬ ಮಾಮೂಲಿ ಫಿಸಿಶಿಯನ್ನೂ ಇರಲಿ.

ಜೊತೆಗಾರರಿದ್ದರೂ ಮೈಯ ಮಾತೇ ದೊಡ್ಡದು ಅನ್ನುವುದಕ್ಕೆ ಗಾಂಧೀಜಿ ನೆನಪಾಗುತ್ತಾರೆ. 1893ರಲ್ಲಿ ಪ್ರಿಟೋರಿಯಾದಲ್ಲಿ ಹಸಿ ಆಹಾರ ಮಾಡಿ ನೋಡಿ, ಎರಡು ವಾರದೊಳಗೇ ಬಿಟ್ಟಿದ್ದರು. 1929ರಲ್ಲಿ ಮತ್ತೆ ಶುರು ಮಾಡಿದಾಗ ಆಶ್ರಮದ ಹಲವರು ಜೊತೆಗಿದ್ದರು. ಕೆಲವೇ ತಿಂಗಳಲ್ಲಿ ಅವರಿಗೆ ರಕ್ತಭೇದಿ ಆಯಿತು, ಹಸಿ ಆಹಾರ ನಿಲ್ಲಿಸಿದರು. ಪ್ರಯೋಗ ಅಂತ ಶುರು ಮಾಡಿದ್ದರು, ಪ್ರಯೋಗ ಅಂತಲೇ ನಿಲ್ಲಿಸಿದರು.

ನನ್ನನ್ನು ಕೇಳಿದರೆ, ನೂರಕ್ಕೆ ನೂರು ಹಸಿಯನ್ನು ವರ್ಷಗಟ್ಟಲೆ ಮಾಡಿ ಅಂತ ನಾನು ಹೇಳಲ್ಲ. ನನಗೆ ಒಗ್ಗಿದ್ದು ಸಂಜೆವರೆಗೆ ಹಸಿ, ರಾತ್ರಿ ಬೇಯಿಸಿದ್ದು. ಬೆಳಿಗ್ಗೆ, ಮಧ್ಯಾಹ್ನ ಹೊಟ್ಟೆ ತುಂಬ ಹಣ್ಣು, ಜೊತೆಗೆ ಸೊಪ್ಪು, ಮೊಳಕೆ. ರಾತ್ರಿ ಎಲ್ಲರ ಜೊತೆ ಕೂತು ರಾಗಿ ಮುದ್ದೆ, ಎಣ್ಣೆ ಕಮ್ಮಿ ಹಾಕಿದ ಸೊಪ್ಪಿನ ಸಾರು, ಒಂದು ದೊಡ್ಡ ಬಟ್ಟಲು ಗಟ್ಟಿ ಬೇಳೆ. ಪ್ರೋಟೀನಿನ ಕೊರತೆ ಬಹಳಷ್ಟು ಅಲ್ಲೇ ತುಂಬುತ್ತದೆ, ರಾಗಿಯಿಂದ ಕ್ಯಾಲ್ಸಿಯಂ ಬರುತ್ತದೆ. ಟೊಮೇಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಅಂತೂ ಬೇಯಿಸಿದರೇ ಮೈಗೆ ಚೆನ್ನಾಗಿ ಹಿಡಿಯುವುದು. ಇಡೀ ದಿನ ಬೇರೆ ತಿಂದರೂ ರಾತ್ರಿ ಒಂದೇ ಸಾಲಿನಲ್ಲಿ ಕೂರುವುದರಿಂದ ಮನೆಯ ಜಗಳವೂ ನಿಂತಿತು.

ಶುರು ಮಾಡೋಕೆ ಏಪ್ರಿಲ್-ಮೇ ಒಳ್ಳೆಯದು. ರಸಪುರಿ, ಬಾದಾಮಿ ಮಾವು ಬರುತ್ತದೆ, ಹಲಸು ಇಳಿಯುತ್ತದೆ. ಸೆಕೆಗೆ ಬಿಸಿ ಊಟವೂ ಅಷ್ಟು ನೆನಪಾಗುವುದಿಲ್ಲ. ಬಾಳೆಹಣ್ಣು ಡಜನ್ ಲೆಕ್ಕದಲ್ಲಿ ಬೇಡ, ಗೊನೆಯೇ ತಂದು ನೇತುಹಾಕಿ. ಮೊದಲ ಎರಡು ವಾರ ಬೆಳಗಿನ ತಿಂಡಿ ಮಾತ್ರ ಹಣ್ಣಿಗೆ ಬದಲಿಸಿ. ಆಮೇಲೆ ಮಧ್ಯಾಹ್ನದ್ದು. ತಿಂದದ್ದನ್ನು ಕ್ಯಾಲೆಂಡರಿನ ಚೌಕದಲ್ಲೇ ಬರೆಯಿರಿ, ಮನೆಯಲ್ಲಿ ಯಾರಾದರೂ ಓದಲಿ. ವಾರಕ್ಕೊಮ್ಮೆ ತೂಕ ನೋಡಿ. ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ. ಒಂದು ತಿಂಗಳು ಮುಟ್ಟು ತಪ್ಪಿದರೂ, ಕೂದಲು ಉದುರುವುದು ಜಾಸ್ತಿಯಾದರೂ, ಕೈಕಾಲು ಜೋಮು ಹಿಡಿದರೂ ಅವತ್ತೇ ಬೇಯಿಸಿದ ಊಟಕ್ಕೆ ವಾಪಸ್ ಬನ್ನಿ, ಮಾರನೇ ದಿನ ಡಾಕ್ಟರ ಹತ್ತಿರ ಹೋಗಿ.